ಅಳತೆ ಹಿಗ್ಗಿಸಿದವರ ಹೆದ್ದಾರಿ

1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಗೆಲುವಿಗೆ 420 ರನ್‌ಗಳ ಗುರಿ ಹೊತ್ತ ಪಾಕಿಸ್ತಾನ ಒಂದೂ ವಿಕೆಟ್ ಕಳೆದುಕೊಳ್ಳದೆ ನೂರರ ಗಡಿ ದಾಟಿ ನಿರಾತಂಕವಾಗಿತ್ತು. ಅಲ್ಲಿಂದ ಮುಂದೆ ನಡೆದದ್ದು ಕ್ರಿಕೆಟ್ ಚರಿತ್ರೆಯ ಅಪೂರ್ವ ಅಧ್ಯಾಯ. ಅನಿಲ್ ಕುಂಬ್ಳೆ ಒಬ್ಬರೇ ಒಂದಾದ ಮೇಲೊಂದು ವಿಕೆಟ್ ಉರುಳಿಸುತ್ತ ಹೋದರು. ಒಂಬತ್ತು ವಿಕೆಟ್‌ಗಳು ಅವರ ಪಾಲಾದ ಮೇಲೆ ಇನ್ನೊಂದು ತುದಿಯಿಂದ ಬೌಲಿಂಗ್ ಮಾಡಬೇಕಾಗಿ ಬಂದವರು ಜಾವಗಲ್ ಶ್ರೀನಾಥ್. ವಿಕೆಟ್ ಕೀಳುವುದನ್ನೇ ವೃತ್ತಿಧರ್ಮವಾಗಿಸಿಕೊಂಡಿದ್ದ ಆ ವೇಗಿ ಅಂದು ಚೆಂಡನ್ನು ಬೇಕೆಂದೇ ಸ್ಟಂಪಿನಿಂದ ದೂರಕ್ಕೆ ಎಸೆದರು. ಹತ್ತನೆಯದೂ ಗೆಳೆಯನಿಗೇ ಸಲ್ಲಲಿ ಎಂಬುದು ಅವರ ಸಂಕಲ್ಪ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಬ್ಯಾಟಿಗೆ ತಗುಲಿದ ಚೆಂಡು ಲಕ್ಷ್ಮಣ್ ಕೈ ಸೇರಿತು. 26.3 ಓವರ್, 74 ರನ್, 10 ವಿಕೆಟ್. ಟೆಸ್ಟ್ ಇತಿಹಾಸದಲ್ಲಿ ಅಲ್ಲಿಯವರೆಗೆ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ, 1956ರಲ್ಲಿ, ಮಾಡಿದ್ದ ಸಾಧನೆ ಅದು.

ಆ ಎರಡು ತುದಿಗಳಲ್ಲಿ ನಿಂತಿದ್ದ ಇಬ್ಬರೂ ಕನ್ನಡಿಗರು, ಇಬ್ಬರೂ ಎಂಜಿನಿಯರಿಂಗ್ ಪದವೀಧರರು. ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಮೈಸೂರು ರಸ್ತೆಯ ಆರ್.ವಿ. ಕಾಲೇಜಿನಲ್ಲಿ; ಶ್ರೀನಾಥ್ ಓದಿದ್ದು ಅದೇ ರಸ್ತೆ ತಲುಪುವ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಒಂದು ರಸ್ತೆಯ ಆದಿ ಅಂತ್ಯಗಳೆರಡೂ ಅಂದು ಕೋಟ್ಲಾದ ಪಿಚ್ಚಿನ ಎರಡು ತುದಿಗಳಲ್ಲಿ ನಿಂತಿದ್ದವು ಎಂದರೆ ಅತಿಶಯೋಕ್ತಿಯಲ್ಲ.

ಆ ರಸ್ತೆ ಬೆಂಗಳೂರಿನ ಹಳೆಯ ಪೇಟೆಯಿಂದ ಹೊರಟು, ಸಿರ್ಸಿ ವೃತ್ತ ದಾಟಿ, ಬಾಪೂಜಿ ನಗರವನ್ನು ಸ್ಪರ್ಶಿಸಿ ಪಶ್ಚಿಮಾಭಿಮುಖವಾಗುತ್ತದೆ. ಗಾಳಿ ಆಂಜನೇಯಸ್ವಾಮಿಗೆ ಕೈಮುಗಿದು ಊರು ಬಿಡುವ ಪ್ರಯಾಣಿಕರು, ಸ್ಯಾಟಲೈಟ್ ನಿಲ್ದಾಣದಲ್ಲಿ ಮಂಡ್ಯ, ಮೈಸೂರು, ಮಡಿಕೇರಿ ಎಂದು ಕೂಗುವ ಕಂಡಕ್ಟರುಗಳು, ಪಕ್ಕದಲ್ಲೇ ಹರಿಯುವ ವೃಷಭಾವತಿ: ಬಾಪೂಜಿ ನಗರದ ನಿವಾಸಿಗಳಿಗೆ ಇದೆಲ್ಲ ನಿತ್ಯದ ನೋಟ. ಆದರೆ ನಾಡಿನ ಕ್ರೀಡೆ, ಸಂಗೀತ, ರಾಜಕಾರಣಗಳ ಭವ್ಯ ಜೀವನಯಾನಗಳಲ್ಲಿ ಎಷ್ಟೊಂದು ಈ ಹಾದಿಯೊಂದಿಗೆ ಬೆಸೆದುಕೊಂಡಿವೆ ಎಂಬುದನ್ನು ಒಟ್ಟಾಗಿ ಕಂಡಾಗ ವಿಸ್ಮಯವಾಗುತ್ತದೆ. ಅವರನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಗುಣವೂ ಒಂದಿದೆ. ತಮ್ಮ ಕಾಲ ಕೊಟ್ಟ ಅಳತೆ ಸಾಲದೆಂದು ಕಂಡಾಗ ಅವರು ತಮ್ಮನ್ನು ಕುಗ್ಗಿಸಿಕೊಳ್ಳಲಿಲ್ಲ, ಅಳತೆಯನ್ನೇ ಹಿಗ್ಗಿಸಿದರು.

ಕುಂಬ್ಳೆಯವರನ್ನೇ ನೋಡಿ. 1990ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಮ್ಯಾಂಚೆಸ್ಟರಿನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. ಲೆಗ್ ಸ್ಪಿನ್ನರ್ ಎಂದರೆ ಚೆಂಡನ್ನು ಗಾಳಿಯಲ್ಲಿ ತೇಲಿಸಿ, ಅಗಲವಾಗಿ ತಿರುಗಿಸಬೇಕೆಂಬುದು ರೂಢಿಯ ಲಕ್ಷಣ. ಕುಂಬ್ಳೆಯವರ ಚೆಂಡು ಹಾಗೆ ತಿರುಗುವುದಿಲ್ಲ ಎಂಬ ಆಕ್ಷೇಪ ಅವರನ್ನು ಬಹುಕಾಲ ಬೆನ್ನಟ್ಟಿತು. ಅವರು ಶಾಸ್ತ್ರಕ್ಕೆ ತಲೆಬಾಗಲಿಲ್ಲ. ನೀಳಕಾಯ ಕೊಡುವ ಎತ್ತರ, ವೇಗ, ಪುಟಿತ, ಎಳ್ಳಷ್ಟೂ ತಪ್ಪದ ನಿಖರತೆ, ಇವುಗಳಿಂದ ತಮ್ಮದೇ ಒಂದು ಬೌಲಿಂಗ್ ಪದ್ಧತಿಯನ್ನು ರೂಪಿಸಿಕೊಂಡರು. 132 ಟೆಸ್ಟ್, 619 ವಿಕೆಟ್. ಇಂದಿಗೂ ಭಾರತದ ಪರ ಅದನ್ನು ಮೀರಿದವರಿಲ್ಲ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದು ಬ್ರಯಾನ್ ಲಾರಾ ವಿಕೆಟ್ ಪಡೆದ ದೃಶ್ಯವನ್ನು ಕಂಡವರಾರೂ ಮರೆತಿಲ್ಲ. ಆ ಸ್ಥೈರ್ಯಕ್ಕೆ ಅಂಕಿಸಂಖ್ಯೆಯಲ್ಲಿ ಜಾಗವಿಲ್ಲ.

ಶ್ರೀನಾಥರ ಕಥೆಗೆ ಸಲ್ಲಬೇಕಾದಷ್ಟು ಕೀರ್ತಿ ಸಂದಿಲ್ಲ ಎಂಬುದು ಈ ಲೇಖಕನ ದೃಢ ನಂಬಿಕೆ. ಸ್ಪಿನ್ನಿಗೆ ಹದವಾದ ನಿರ್ಜೀವ ಪಿಚ್ಚುಗಳ ದೇಶದಲ್ಲಿ ಹುಟ್ಟಿ, ನಿಜವಾದ ವೇಗವೆಂದರೇನೆಂದು ತೋರಿಸಿದವರು ‘ಮೈಸೂರು ಎಕ್ಸ್‌ಪ್ರೆಸ್’. ಕೋಟ್ಲಾದ ಆ ಔದಾರ್ಯಕ್ಕೆ ಎರಡು ವಾರ ತುಂಬುವ ಮೊದಲೇ, ಅದೇ ಪಾಕಿಸ್ತಾನದ ವಿರುದ್ಧ, ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಅವರು 132 ರನ್ನಿಗೆ 13 ವಿಕೆಟ್ ಕಿತ್ತರು. ಭಾರತ ಆ ಪಂದ್ಯ ಸೋತಿತು. ಸೋಲಿನ ನೆರಳಿನಲ್ಲಿ ಆ ಮಹಾಸಾಧನೆ ಮಸುಕಾಯಿತು. 236 ಟೆಸ್ಟ್ ವಿಕೆಟ್, ಏಕದಿನ ಕ್ರಿಕೆಟ್ಟಿನಲ್ಲಿ 315 ವಿಕೆಟ್ ಗಳಿಸಿ ನಿವೃತ್ತರಾದ ಅವರು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಎರಡನೆಯ ವೃತ್ತಿಜೀವನವನ್ನೇ ಕಟ್ಟಿಕೊಂಡಿದ್ದಾರೆ.

ಇದೇ ಹಾದಿಯ ಆಚೆ ತುದಿಯನ್ನು ದಾಟಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿಗೆ ಬಂದರೆ, ಕಾಲ ಒಂದು ಶತಮಾನ ಹಿಂದೆ ಸರಿಯುತ್ತದೆ. 1895ರ ಜನವರಿ 1ರಂದು ಅಲ್ಲಿ ಜನಿಸಿದ ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುವಿನ ಶಿಸ್ತು ಕಠೋರ, ಶಿಷ್ಯನ ಸಾಧನೆ ಅಖಂಡ. ಧ್ವನಿವರ್ಧಕ ಇನ್ನೂ ಕಚೇರಿಗಳಿಗೆ ಕಾಲಿಡದ ದಿನಗಳವು. ಸಭೆ ದೊಡ್ಡದಾದಷ್ಟೂ ಪಿಟೀಲಿನ ನಾದ ಮುಂದಿನ ಸಾಲುಗಳಲ್ಲೇ ಉಳಿದು, ಹಿಂದೆ ಕೂತ ರಸಿಕರನ್ನು ತಲುಪುತ್ತಿರಲಿಲ್ಲ. ಬೇರೆಯವರು ಅದನ್ನು ವಾದ್ಯದ ಮಿತಿಯೆಂದು ಒಪ್ಪಿಕೊಂಡರು. ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೆ ಮೂರು ತಂತಿ ಬಿಗಿದರು. ಮೇಲಿನ ಮೂರು ತಂತಿಗಳಿಗೆ ಒಂದೊಂದು ಜೊತೆ, ಒಂದು ಸ್ಥಾಯಿ ಕೆಳಗಿನ ಶ್ರುತಿಯಲ್ಲಿ. ಒಂದು ಬಾರಿ ಕಮಾನು ಎಳೆದರೆ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಮೊಳಗಬೇಕು. ಕೇಳಲು ಸರಳವೆನಿಸಿದರೂ, ಜೋಡಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ಸರಿದರೂ ನಾದ ಒಡೆಯುತ್ತದೆ. ಎರಡೆರಡು ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಿ ಗಮಕ ನುಡಿಸಲು ಅಸಾಧಾರಣ ಬಲ ಬೇಕು. ಆ ಸಪ್ತತಂತಿಯ ಪಿಟೀಲಿನೊಂದಿಗೆ ಅವರು ದಕ್ಷಿಣ ಭಾರತದ ಉದ್ದಗಲಕ್ಕೂ ಅಗ್ರಮಾನ್ಯ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಮೈಸೂರು ಆಸ್ಥಾನದ ವಿದ್ವಾಂಸರಾದರು, ‘ತ್ರಿಮಕುಟ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು, ‘ವಾಣಿ’ ಚಲನಚಿತ್ರದಲ್ಲಿ ನಟಿಸಿದರು. 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಅವರಿಗೆ ಸಂದಿತು.

1967ರಲ್ಲಿ ಅವರು ಕಣ್ಮರೆಯಾದ ಮೇಲೆ ಬೆಂಗಳೂರು ಸಲ್ಲಿಸಿದ ಗೌರವ ಲೋಕದಲ್ಲೇ ಅಪರೂಪದ್ದು. ಕೆ.ಕೆ. ಮೂರ್ತಿಯವರ ಛಲದಿಂದ, ಮಲ್ಲೇಶ್ವರಕ್ಕೆ ಹೊಂದಿಕೊಂಡ ವೈಯಾಲಿಕಾವಲ್‌ನಲ್ಲಿ, ಪಿಟೀಲಿನ ಆಕಾರದ ಸಭಾಂಗಣವೊಂದು 1980ರಲ್ಲಿ ತೆರೆದುಕೊಂಡಿತು. ಕಟ್ಟಡದ ಹೊರಮೈಯಲ್ಲೇ ತಂತಿ, ಬಿರಡೆ, ಕಮಾನುಗಳು ಮೂಡಿವೆ. ಹಿಂದಿನ ಸಾಲಿನ ಕೇಳುಗನಿಗಾಗಿ ವಾದ್ಯವನ್ನೇ ಹಿಗ್ಗಿಸಿದ ಕಲಾವಿದನಿಗೆ ಒಂದು ಸಭಾಂಗಣಕ್ಕಿಂತ ಯುಕ್ತವಾದ ಸ್ಮಾರಕ ಯಾವುದಿದ್ದೀತು?

ರಾಜಕಾರಣದಲ್ಲಿ ಈ ರಸ್ತೆಯ ಹಿರಿಮೆ ಇನ್ನೂ ಎತ್ತರದ್ದು. ಬಾಪೂಜಿ ನಗರ ಬಿಟ್ಟು ಬಿಡದಿ, ರಾಮನಗರ ದಾಟಿ ಚನ್ನಪಟ್ಟಣದತ್ತ ಸಾಗುವಾಗ ಸಿಗುವ ಕೆಂಗಲ್ ಆಂಜನೇಯನ ಸನ್ನಿಧಿಯ ಹೆಸರನ್ನು ತಮ್ಮ ಹೆಸರಿಗೆ ಜೋಡಿಸಿಕೊಂಡವರು ಹನುಮಂತಯ್ಯನವರು. 1908ರಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ ಜನನ. ಮೈಸೂರಿನ ಮಹಾರಾಜಾ ಕಾಲೇಜು, ಪುಣೆಯಲ್ಲಿ ಕಾನೂನು ವ್ಯಾಸಂಗ, ಸ್ವಾತಂತ್ರ್ಯ ಸಂಗ್ರಾಮ, ಸಂವಿಧಾನ ರಚನಾ ಸಭೆ. 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದಾಗ, ಹಿಂದಿನ ವರ್ಷವಷ್ಟೇ ನೆಹರೂ ಶಂಕುಸ್ಥಾಪನೆ ಮಾಡಿದ್ದ ಶಾಸಕಾಂಗ ಕಟ್ಟಡದ ನಕ್ಷೆ ಅವರ ಮುಂದೆ ಬಂತು. ಕಚೇರಿ ನಡೆಸಲು ಸಾಕಾಗುವ ಕಟ್ಟಡ ಪ್ರಜಾಪ್ರಭುತ್ವಕ್ಕೆ ಸಾಲದು ಎಂಬುದು ಹನುಮಂತಯ್ಯನವರ ನಿಲುವು. ಎದುರಿಗೆ ವಸಾಹತು ಕಾಲದ ಕೆಂಪು ಅಠಾರ ಕಚೇರಿ. ಅದರ ಮುಂದೆ ಪ್ರಜೆಗಳ ಸೌಧ ತಲೆ ತಗ್ಗಿಸಿ ನಿಲ್ಲಬಾರದು. ದ್ರಾವಿಡ ಶಿಲ್ಪಪರಂಪರೆ ಅದರಲ್ಲಿ ಮೈದಳೆಯಬೇಕು.

ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ನಕ್ಷೆ ಬದಲಾಯಿತು. ಕಲ್ಲುಕುಟಿಗರೊಂದಿಗೆ ಸಾವಿರಾರು ಕೈದಿಗಳೂ ಶ್ರಮಿಸಿದರು. 700 ಅಡಿ ಉದ್ದ, 350 ಅಡಿ ಅಗಲ, ಮುಖಮಂಟಪದಲ್ಲಿ 40 ಅಡಿ ಎತ್ತರದ ಹನ್ನೆರಡು ಕಂಬಗಳು, ನೆತ್ತಿಯ ಮೇಲೆ ಗುಮ್ಮಟ. ವೆಚ್ಚ 1.84 ಕೋಟಿ ರೂಪಾಯಿ. ಬಡ ರಾಜ್ಯಕ್ಕೆ ಇದು ದುಂದುವೆಚ್ಚವೆಂಬ ಟೀಕೆಯ ಮಳೆಯೇ ಸುರಿಯಿತು. ಆ ಟೀಕೆಯಲ್ಲಿ ಕಾಳಜಿ ಇತ್ತು, ನಿಜ. ಆದರೆ ಏಳು ದಶಕಗಳ ನಂತರ ನಿಂತು ನೋಡಿದರೆ, ಕನ್ನಡ ನಾಡಿನ ಆತ್ಮಗೌರವಕ್ಕೆ ಅದಕ್ಕಿಂತ ಸಾರ್ಥಕವಾಗಿ ವ್ಯಯವಾದ ಹಣ ಬೇರೊಂದಿಲ್ಲ.

ಇದಕ್ಕಿಂತ ಹಿರಿದಾದ ಅವರ ಕಾಣಿಕೆ ಏಕೀಕರಣ. ಹಳೆಯ ಮೈಸೂರಿನ ಪ್ರಭಾವಿಗಳಲ್ಲಿ ಹಲವರು ವಿಶಾಲ ಕರ್ನಾಟಕಕ್ಕೆ ಅಳುಕುತ್ತಿದ್ದರು. ಸುಭಿಕ್ಷ ಮೈಸೂರಿನ ಸಂಪತ್ತು ಹಂಚಿಹೋದೀತು, ತಮ್ಮ ಹಿಡಿತ ಸಡಿಲವಾದೀತು ಎಂಬ ಆತಂಕ ಅದು. ಹನುಮಂತಯ್ಯನವರು ಸ್ವಂತ ವಲಯದ ಅಸಮಾಧಾನವನ್ನು ಲೆಕ್ಕಿಸದೆ ಏಕೀಕರಣದ ಪರ ನಿಂತರು. 1956ರ ಆಗಸ್ಟಿನಲ್ಲಿ ಅವರು ಅಧಿಕಾರ ತ್ಯಜಿಸಬೇಕಾಯಿತು. ನವೆಂಬರ್ 1ರಂದು ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡಿಗರು ಒಂದಾದಾಗ ಮುಖ್ಯಮಂತ್ರಿಯ ಆಸನದಲ್ಲಿದ್ದವರು ಎಸ್. ನಿಜಲಿಂಗಪ್ಪ. ಹೊಸ ನಾಡಿಗೆ ಹೊಂದುವಷ್ಟು ವಿಶಾಲವಾದ ಮನೆ ಮಾತ್ರ ಆಗಲೇ ಸಿದ್ಧವಾಗಿತ್ತು. ಕಟ್ಟಿದವರು ಮುಂದೆ ದೆಹಲಿಗೆ ತೆರಳಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಸಚಿವರಾದರು.

ಅದೇ ರಾಮನಗರ ಕ್ಷೇತ್ರದಿಂದ 1994ರಲ್ಲಿ ಗೆದ್ದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು, ಎರಡು ವರ್ಷ ತುಂಬುವ ಮೊದಲೇ, 1996ರ ಜೂನ್ 1ರಂದು, ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹರದನಹಳ್ಳಿಯ ರೈತನ ಮಗ, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದವರು, 1962ರಲ್ಲಿ ಪಕ್ಷೇತರರಾಗಿ ಮೊದಲ ಬಾರಿ ವಿಧಾನಸಭೆ ಹೊಕ್ಕವರು ಕೆಂಪುಕೋಟೆಯ ಮೇಲೆ ನಿಂತು ದೇಶವನ್ನು ಉದ್ದೇಶಿಸಿ ಮಾತಾಡಿದ ಆ ಆಗಸ್ಟ್ 15 ಕನ್ನಡಿಗರ ರಾಜಕೀಯ ಚರಿತ್ರೆಯಲ್ಲಿ ಏಕಮೇವ.

ಇಂದಿನ ಮೈಸೂರು ರಸ್ತೆಯ ಚಿತ್ರವೇ ಬೇರೆ. 2015ರಲ್ಲಿ ಮೆಟ್ರೊ ಬಂತು, 2021ರಲ್ಲಿ ಕೆಂಗೇರಿ ಮುಟ್ಟಿತು. 2023ರಲ್ಲಿ ದಶಪಥ ಉದ್ಘಾಟನೆಯಾಯಿತು. ಬಾಪೂಜಿ ನಗರದ ಹುಡುಗನೊಬ್ಬ ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ರೈಲು ಹತ್ತಿದರೆ ಕೆಲವೇ ನಿಲ್ದಾಣಗಳಾಚೆ ಜ್ಞಾನಭಾರತಿ. ಆ ಪರಿಸರದಲ್ಲೇ ಇದೆ ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರ, ಭಾರತದ ಪುರುಷ ಹಾಗೂ ಮಹಿಳಾ ಹಾಕಿ ತಂಡಗಳ ತಪೋಭೂಮಿ. 2020ರ ಲಾಕ್‌ಡೌನ್ ಘೋಷಣೆಯಾದಾಗ ಎರಡೂ ತಂಡಗಳು ಈ ಆವರಣದಲ್ಲೇ ಉಳಿದವು. ಮನೆಯ ಮುಖ ಕಾಣದೆ, ಮೈದಾನಕ್ಕೂ ಇಳಿಯಲಾಗದೆ, ಕೋಣೆಗಳಲ್ಲೇ ವ್ಯಾಯಾಮ ಮಾಡುತ್ತ ತಿಂಗಳುಗಳನ್ನು ಕಳೆದರು. ವಿರಾಮದ ನಂತರ ಶಿಬಿರಕ್ಕೆ ಮರಳಿದಾಗ ನಾಯಕ ಮನ್‌ಪ್ರೀತ್ ಸಿಂಗ್ ಸೇರಿ ಆರು ಮಂದಿಗೆ ಕೋವಿಡ್ ಸೋಂಕು ದೃಢಪಟ್ಟಿತು.

ಮರುವರ್ಷ, 2021ರ ಆಗಸ್ಟ್ 5ರಂದು, ಟೋಕಿಯೊದಲ್ಲಿ ಜರ್ಮನಿಯನ್ನು 5–4 ಗೋಲುಗಳಿಂದ ಮಣಿಸಿ ಪುರುಷರು ಕಂಚು ಗೆದ್ದರು. 1980ರ ಮಾಸ್ಕೊ ಚಿನ್ನದ ನಂತರ, 41 ವರ್ಷಗಳಿಗೆ, ಒಲಿಂಪಿಕ್ ಪದಕ ಮರಳಿತು. ಮಹಿಳೆಯರು ಆಸ್ಟ್ರೇಲಿಯಾವನ್ನು ಕೆಡವಿ ಸೆಮಿಫೈನಲ್ ಪ್ರವೇಶಿಸಿ ನಾಲ್ಕನೆಯ ಸ್ಥಾನ ಪಡೆದರು. ಅವರ ಸಹಾಯಕ ತರಬೇತುದಾರರಾಗಿ ಜೊತೆಗಿದ್ದವರು ಕೊಡಗಿನ ಅಂಕಿತಾ ಸುರೇಶ್. 2024ರಲ್ಲಿ ಪ್ಯಾರಿಸ್ಸಿನಲ್ಲಿ ಪುರುಷರ ತಂಡ ಸ್ಪೇನನ್ನು ಸೋಲಿಸಿ ಮತ್ತೊಮ್ಮೆ ಕಂಚು ತಂದಿತು.

ಹಾಕಿಯಲ್ಲೂ ಈ ಹಾದಿಗೆ ಹಳೆಯ ಋಣಾನುಬಂಧವಿದೆ, ಏಕೆಂದರೆ ಕೊಡಗಿನಿಂದ ರಾಜಧಾನಿಗೆ ಬರುವವರ ದಾರಿ ಇದೇ. 1972ರ ಮ್ಯೂನಿಕ್ ಕಂಚಿನ ತಂಡದಲ್ಲಿ ಆಡಿ ಮರುವರ್ಷದ ವಿಶ್ವಕಪ್ಪಿನಲ್ಲಿ ನಾಯಕತ್ವ ವಹಿಸಿದ ಎಂ.ಪಿ. ಗಣೇಶ್, 1975ರ ವಿಶ್ವಕಪ್ ವಿಜೇತ ತಂಡದ ಬಿ.ಪಿ. ಗೋವಿಂದ, ಮಾಸ್ಕೊದ ಸ್ವರ್ಣ ತಂಡದಲ್ಲಿದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ, ನಮ್ಮ ಕಾಲದ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ: ಅದೊಂದು ಸ್ವರ್ಣಮಾಲಿಕೆ. ಇಂಥ ಪರಂಪರೆಯ ನಾಡಿನಿಂದ ಟೋಕಿಯೊ ಪದಕ ಗೆದ್ದ ಪುರುಷರ ತಂಡದಲ್ಲಿ ಒಬ್ಬ ಆಟಗಾರನೂ ಇರಲಿಲ್ಲ ಎಂಬ ಸಂಗತಿ ಮನಸ್ಸನ್ನು ಚುಚ್ಚುತ್ತದೆ. ದೇಶದ ಅತ್ಯುತ್ತಮ ತಂಡಗಳು ತಯಾರಾಗುವ ಅಂಗಳ ನಮ್ಮದು, ಅಲ್ಲಿಂದ ಹೊರಟು ಆ ಪದಕ ಗೆದ್ದವರಲ್ಲಿ ನಮ್ಮವರಿರಲಿಲ್ಲ.

ಆದರೆ ಬೇರು ಒಣಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳನ್ನು ಕಂಡು ಗಿನ್ನೆಸ್ ದಾಖಲೆ ಬರೆಯಿತು. ಅಜ್ಜ ಮೊಮ್ಮಗ, ಅತ್ತೆ ಸೊಸೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವ ಆ ಮೈದಾನದಿಂದ ಜ್ಞಾನಭಾರತಿಯ ನೀಲಿ ಟರ್ಫಿನವರೆಗಿನ ದೂರವನ್ನು ಮುಂದಿನ ಗಣೇಶ್, ಮುಂದಿನ ಸೋಮಯ್ಯ ಕ್ರಮಿಸಬೇಕಿದೆ. ಅದಕ್ಕೆ ಬೇಕಾದದ್ದು ಹಳ್ಳಿಯ ಉತ್ಸವ ಮತ್ತು ರಾಷ್ಟ್ರೀಯ ಶಿಬಿರದ ನಡುವೆ ಶಾಲಾ ಹಂತದ ಗಟ್ಟಿ ತರಬೇತಿ, ಕೃತಕ ಹುಲ್ಲಿನ ಹೆಚ್ಚು ಅಂಗಣಗಳು, ಹದಿನೈದರ ಹರೆಯದಲ್ಲೇ ಪ್ರತಿಭೆಯನ್ನು ಗುರುತಿಸುವ ವ್ಯವಸ್ಥೆ.