ಕಣ್ಣು ಬಿಟ್ಟ ಸೀತಾಫಲ

"ಇವತ್ತುಕ್ಕಾ ಸಾಮಿ, ನಾಳೀಕಾ?"

ಮೈಸೂರಿನ ದೇವರಾಜ ಮಾರುಕಟ್ಟೆಯ ಹೊರಗೆ, ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ಸೀತಾಫಲದ ಮಂಕರಿ ಇಟ್ಟುಕೊಂಡು ಕೂತ ಹೆಂಗಸು ಎಷ್ಟು ಬೇಕೆಂದು ಕೇಳುವ ಮೊದಲು ಕೇಳುವುದು ಇದನ್ನು. ನಾಳೆಗೆ ಎಂದರೆ ಆಕೆ ಆರಿಸಿ ಕೊಡುವುದು ಇನ್ನೂ ಗಟ್ಟಿಯಿರುವ ಕಾಯನ್ನೇ. ಆದರೆ ಮೈಮೇಲಿನ ಉಬ್ಬುಗಳ ನಡುವಿನ ಗೆರೆ ಅಗಲವಾಗಿ, ಕೆನೆಯ ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೇ ಕಣ್ಣು ಬಿಡುವುದು ಎನ್ನುತ್ತಾರೆ.

ಕಣ್ಣು ಬಿಡದ ಕಾಯನ್ನು ಕಿತ್ತರೆ ಅದು ಮಾಗದೆ ಕಪ್ಪಾಗಿ ಕಲ್ಲಾಗುತ್ತದೆ. ಕಣ್ಣು ಬಿಟ್ಟದ್ದನ್ನು ಅಕ್ಕಿಡಬ್ಬಿಯಲ್ಲಿ ಹುದುಗಿಸಿಟ್ಟರೆ ಎರಡು ಮೂರು ದಿನದಲ್ಲಿ ಬೆರಳಿಗೆ ಮೆತ್ತಗೆ ಸಿಗುತ್ತದೆ. ಮಾಗುವ ಮುಂಚೆ ಫ್ರಿಜ್ಜಿಗೆ ಹಾಕಬೇಡಿ, ತಣ್ಣಗಿನ ಏಟಿಗೆ ಸಿಪ್ಪೆ ಕಪ್ಪಾಗಿ ಹಣ್ಣು ಕೆಡುತ್ತದೆ. ಬೀಜದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಿಂದೆ ಹೇನಿಗೆಂದು ಬೀಜದ ಪುಡಿಯನ್ನು ತಲೆಗೆ ಹಚ್ಚುತ್ತಿದ್ದರು. ಅದು ಕಣ್ಣಿಗೆ ಬಿದ್ದರೆ ಗಾಯವೇ ಆಗುತ್ತದೆ.

ಸೀತಾಫಲದ ಗಿಡ ಕಲ್ಲುಗುಡ್ಡದ ಇಳಿಜಾರಿನಲ್ಲೂ ನೀರು, ಗೊಬ್ಬರ ಕೇಳದೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಹೂ, ಮಳೆಯಲ್ಲಿ ಕಾಯಿ, ಭಾದ್ರಪದ ಕಳೆಯುವ ಹೊತ್ತಿಗೆ ಹಣ್ಣು. ಮಾಗಿದ ಮೇಲೆ ಒಂದೆರಡು ದಿನವೂ ತಾಳದ ಈ ಹಣ್ಣನ್ನು ದೂರ ಸಾಗಿಸುವುದು ಕಷ್ಟ. ಹತ್ತಿರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಮಂಕರಿಯಲ್ಲೇ ಅದರ ರುಚಿ ಸರಿಯಾಗಿ ಸಿಗುವುದು. 2016ರಲ್ಲಿ ಒಂದು ಭಾಗ ಕುಸಿದ ಹಳೆಯ ಮಾರುಕಟ್ಟೆ ಕಟ್ಟಡದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಅದರ ಹೊರಗೆ ನೆಲದ ಮೇಲೆ ಕೂರುವ ಇವರಿಗೂ ಒಂದು ನೆರಳು ಬೇಕು ಎಂಬ ಮಾತು ಅಷ್ಟೇ ಜೋರಾಗಿ ಬರಬೇಕು.

ದಸರೆಗೆ ಬೂದುಗುಂಬಳದ ಕಾಲ. ಆಯುಧಪೂಜೆಯ ಹಿಂದಿನ ದಿನ ರಸ್ತೆಬದಿಯಲ್ಲೆಲ್ಲ ರಾಶಿ ರಾಶಿ ಬಿದ್ದಿರುತ್ತದೆ. ಕೈಯಲ್ಲಿ ಎತ್ತಿಕೊಂಡರೆ ಅಂಗೈಗೆ ಬಿಳಿ ಪುಡಿ ಹತ್ತುತ್ತದಲ್ಲ, ಅದು ಕಾಯಿ ಬಲಿಯುವಾಗ ತಾನೇ ಮೈಗೆ ಬಳಿದುಕೊಂಡ ಮೇಣ. ಒಳಗಿನ ನೀರು ಆರದಂತೆ, ಹೊರಗಿನ ಬೂಷ್ಟು ನುಗ್ಗದಂತೆ ಅದು ಕಾಯುತ್ತದೆ. ಹಣ್ಣಿಗೆ ತೆಳ್ಳಗೆ ಮೇಣ ಲೇಪಿಸಿ ಬಾಳಿಕೆ ಹೆಚ್ಚಿಸುವ ವಿಧಾನವನ್ನು ಇದೇ ಊರಿನ ಸಿಎಫ್‌ಟಿಆರ್‌ಐ ರೂಪಿಸಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಅದು. ಬೂದುಗುಂಬಳಕ್ಕೆ ಆ ಉಪಚಾರವೇ ಬೇಡ, ಪೆಟ್ಟಾಗದ ಕಾಯಿ ಅಡುಗೆಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಆದ್ದರಿಂದ ದೃಷ್ಟಿಗೆ ಒಂದು ಕೊಂಡರೆ ಊಟಕ್ಕೂ ಒಂದು ಕೊಳ್ಳಿ. ಮಜ್ಜಿಗೆ ಹುಳಿಗೆ, ಕಾಶಿ ಹಲ್ವಕ್ಕೆ ಅದರಷ್ಟು ಒಳ್ಳೆಯ ಕಾಯಿಲ್ಲ. ಒಡೆದದ್ದನ್ನು ರಸ್ತೆಯ ನಡುವೆ ಬಿಡಬೇಡಿ. ಹಬ್ಬದ ಸಂಜೆ ಆ ತಿರುಳಿನ ಮೇಲೆ ಜಾರಿ ಬೀಳುವವರು ಸ್ಕೂಟರಿನಲ್ಲಿ ಮನೆಗೆ ಹೊರಟವರು.

ಬಾಳೆಹಣ್ಣಿಗೂ ಆಗ ಭಾರಿ ಬೇಡಿಕೆ. ಬೇಗ ಹಣ್ಣು ಮಾಡಲು ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಹಣ್ಣು ತಾನೇ ಬಿಡುವ ಎಥಿಲೀನ್ ಅನಿಲವನ್ನು ಮಿತಿಯಲ್ಲಿ ಬಳಸಬಹುದು. ನಂಜನಗೂಡು ರಸಬಾಳೆ ಕಂಡರೆ ನಾಲ್ಕು ಹಣ್ಣಾದರೂ ತನ್ನಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತಳಿಯನ್ನು ಬೇರಿನಿಂದ ಹತ್ತುವ ಪನಾಮಾ ಸೊರಗು ರೋಗ ತೋಟ ತೋಟವೇ ಅಳಿಸಿತು. ಛಲ ಬಿಡದೆ ಬೆಳೆಯುತ್ತಿರುವ ರೈತರಿಗೆ ಕೊಳ್ಳುವವರೇ ಆಸರೆ.

ಅಷ್ಟರಲ್ಲಿ ಮಣ್ಣು ಮೆತ್ತಿದ ಹಸಿ ಕಡಲೆಕಾಯಿ ಬಂದಿರುತ್ತದೆ. ಒಂದನ್ನು ಬಿಡಿಸಿ ಸಿಪ್ಪೆಯ ಒಳಮೈ ನೋಡಿ. ಬೆಳ್ಳಗಿದ್ದರೆ ಎಳಸು, ಕಂದು ಕಲೆ ಹಿಡಿದಿದ್ದರೆ ಬಲಿತದ್ದು. ಉಪ್ಪು ಹಾಕಿ ಬೇಯಿಸಲು ಎರಡೂ ಬೆರೆತಿದ್ದರೆ ಚೆನ್ನ.

ಕಾರ್ತಿಕ ಶುದ್ಧ ದ್ವಾದಶಿಗೆ, ಅಂದರೆ ತುಳಸಿ ಹಬ್ಬಕ್ಕೆ, ಕಾಯಿ ಸಮೇತ ಬೆಟ್ಟದ ನೆಲ್ಲಿಯ ಕೊಂಬೆ ಬರುತ್ತದೆ. ನೂರು ಗ್ರಾಂ ನೆಲ್ಲಿಯಲ್ಲಿ ಸುಮಾರು 250 ಮಿಲಿಗ್ರಾಂ ಸಿ ಜೀವಸತ್ವವಿದೆ, ಕಿತ್ತಳೆಗಿಂತ ಹಲವು ಪಟ್ಟು. ಅನೇಕ ಮನೆಗಳಲ್ಲಿ ಅಂದು ಪೂಜೆಯಾಗುವ ತನಕ ಹೊಸ ನೆಲ್ಲಿಯನ್ನು ಬಾಯಿಗೆ ಹಾಕುವುದಿಲ್ಲ. ಮರುದಿನ ತುಳಸಿಕಟ್ಟೆಯಿಂದ ಕೊಂಬೆ ತೆಗೆಯುವಾಗ ಕಾಯಿಗಳನ್ನು ಬಿಡಿಸಿಕೊಳ್ಳಿ. ತೊಳೆದು, ನೀರು ಆರಿಸಿ, ಕಾಯಿಸಿ ತಣಿಸಿದ ಉಪ್ಪುನೀರಿಗೆ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿಡಿ.