ಕನಸಿನಲ್ಲಿ ಸಿಕ್ಕ ಅಂಕಿತ

ಬೇಸಿಗೆ ಬಂತೆಂದರೆ ರಾಯಚೂರು ಜಿಲ್ಲೆಯ ಗಬ್ಬೂರಿನ ಜನ ಮಲಗಲು ಮಾಳಿಗೆ ಏರುತ್ತಾರೆ. ಹಗಲೆಲ್ಲ ಕಾದ ಮಾಳಿಗೆಗೆ ಸಂಜೆ ನೀರು ಚಿಮುಕಿಸಿ ಕೌದಿ ಹಾಸಿದರೂ ನಿದ್ದೆ ಹತ್ತುವುದು ಸರಿರಾತ್ರಿ ಕಳೆದ ಮೇಲೆಯೇ. ನಸುಕಿನಲ್ಲಿ ಎದ್ದವರು 'ಕನಸು ಬಿದ್ದಿತ್ತು' ಎನ್ನುತ್ತಾರೆ, ಮಳೆ ಬಿತ್ತು ಎಂದ ಹಾಗೆ. ಎಲ್ಲಿಂದಲೋ ಬಂದದ್ದು ತಮ್ಮ ಮೇಲೆ ಬಿತ್ತು ಎಂಬ ಭಾವ ಆ ಮಾತಿನಲ್ಲಿದೆ.

ಈ ಸೀಮೆಯ ದಾಸಸಾಹಿತ್ಯದ ಬೇರು ಅಂಥದೊಂದು ಕನಸಿನಲ್ಲಿದೆ. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ದಾಸಪ್ಪ ಬಡತನ ತಾಳಲಾರದೆ ಊರು ಬಿಟ್ಟು ಕಾಶಿ ಸೇರಿದರು. ಅಲ್ಲಿ ಒಂದು ರಾತ್ರಿ ಪುರಂದರದಾಸರು ಕನಸಿನಲ್ಲಿ ಬಂದು 'ವಿಜಯವಿಠಲ' ಅಂಕಿತ ಕೊಟ್ಟರೆಂದು ದಾಸಪರಂಪರೆ ಹೇಳುತ್ತದೆ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ! ಮಲಗಿದ್ದ ದಾಸಪ್ಪ ಎದ್ದದ್ದು ವಿಜಯದಾಸರಾಗಿ. ಅವರ ಶಿಷ್ಯರು ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು. ಗೋಪಾಲದಾಸರ ಕೃಪೆಗೆ ಪಾತ್ರರಾದವರು 'ಹರಿಕಥಾಮೃತಸಾರ' ಬರೆದ ಮಾನ್ವಿಯ ಜಗನ್ನಾಥದಾಸರು.

ಕನಸಿನಲ್ಲಿ ಸಿಕ್ಕ ಹೆಸರಿಗೆ ಜೀವಮಾನವನ್ನೇ ಕೊಡುವ ಧೈರ್ಯ ಎಲ್ಲಿಂದ ಬಂತು? ಭಕ್ತಿಯ ಜೊತೆಗೆ ಒಂದು ಸಿದ್ಧಾಂತವೂ ಬೆನ್ನಿಗಿತ್ತು. ಈ ದಾಸರು ನಂಬಿದ ಮಧ್ವಾಚಾರ್ಯರ ಪ್ರಕಾರ ಕನಸು ಸುಳ್ಳಲ್ಲ. ಎಚ್ಚರದಲ್ಲಿ ಕಂಡದ್ದು, ಕೇಳಿದ್ದು ಮನಸ್ಸಿನಲ್ಲಿ ವಾಸನೆಯಾಗಿ ಉಳಿಯುತ್ತದೆ. ಅದರಿಂದಲೇ ಭಗವಂತ ಕನಸಿನ ಪದಾರ್ಥಗಳನ್ನು ಸೃಷ್ಟಿಸುತ್ತಾನೆ. ಕನಸಿನ ಆನೆ ನಿಜ, ಅದನ್ನು ಎಚ್ಚರದ ಆನೆ ಎಂದುಕೊಂಡದ್ದಷ್ಟೇ ಭ್ರಮೆ. ನನಗೆ ಇದು ಬಹಳ ಸೂಕ್ಷ್ಮವಾದ ಮಾತು ಅನಿಸುತ್ತದೆ.

ಕನಸು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಪ್ರಯೋಗಾಲಯ ಬಂದದ್ದು ತಡವಾಗಿ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ಸರಸರನೆ ಓಡಾಡುವುದನ್ನು ವರದಿ ಮಾಡಿದರು. ಆಗ ಎಬ್ಬಿಸಿದರೆ ಬಹಳಷ್ಟು ಜನ ಕನಸು ಹೇಳುತ್ತಿದ್ದರು. ಈ ಘಟ್ಟ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗು ಹತ್ತಿರವಾದಂತೆ ಉದ್ದವಾಗುತ್ತದೆ. ನಸುಕಿನ ಕನಸು ಅಷ್ಟು ಚೆನ್ನಾಗಿ ನೆನಪಿರುವುದು ಅದಕ್ಕೇ. ಮಿದುಳಿನ ಕಾಂಡದಿಂದ ಏಳುವ ಸಂಕೇತಗಳಿಗೆ ಮಿದುಳೇ ನೆನಪುಗಳನ್ನು ಹೊಂದಿಸಿ ಕಥೆ ಕಟ್ಟುತ್ತದೆ ಎಂದು 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ ವಾದಿಸಿದರು. ಕಟ್ಟುವವರು ಯಾರು ಎಂಬಲ್ಲಿ ಆಚಾರ್ಯರಿಗೂ ಇವರಿಗೂ ಅಜಗಜಾಂತರ. ನೂಲು ಮಾತ್ರ ಇಬ್ಬರಿಗೂ ನೆನಪೇ.

ಹಸುಗೂಸಿನ ನಿದ್ದೆಯಲ್ಲಿ ಅರ್ಧದಷ್ಟು ಈ ಕಣ್ಣು ಓಡಾಡುವ ನಿದ್ದೆಯೇ. ತೊಟ್ಟಿಲಲ್ಲಿ ಮಲಗಿದ ಕೂಸಿನ ರೆಪ್ಪೆ ಅದುರಿ, ತುಟಿ ಬಿರಿದು ನಗು ಮೂಡಿದರೆ ನಮ್ಮ ಕಡೆಯ ಮುದುಕಿಯರು ಹಣೆಬರಹ ಬರೆಯುವ ಶೆಟಿವಿ ತಾಯಿ ನಗಿಸುತ್ತಿದ್ದಾಳೆ ಅನ್ನುತ್ತಾರೆ. ತೊಟ್ಟಿಲು ತೂಗುವ ಕೈ ತಡೆದು, ದನಿ ತಗ್ಗಿಸಿ ಹೇಳುತ್ತಾರೆ: 'ಏನೋ ನೋಡಾಕ್ಹತ್ತದ ಕೂಸು, ಎಬ್ಬಸಬ್ಯಾಡ.'