ಹಳೆಯ ವಿದ್ಯುತ್ ಕಾರು: ಬಿಸಿಲ ನಾಡಿನಿಂದ ತರುವ ಮುನ್ನ

2024-25ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ದೊರೆತ ಮೇಲೆ, ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರಿಂದ ಗೊಬ್ಬರ, ಮೈಲುತುತ್ತಗಳ ವಿಚಾರದ ಜೊತೆಗೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬಹುದೇ ಎಂಬುದು ಆ ಪ್ರಶ್ನೆ. ಹೊಸದಕ್ಕೆ ಕೈಹಾಕಲು ಎರಡು ಮೂರು ಎಕರೆಯ ಸದಸ್ಯರಿಗೆ ಧೈರ್ಯ ಸಾಲದು. ಮೂರು ನಾಲ್ಕು ವರ್ಷ ಓಡಿದ್ದು ಅರ್ಧ ಬೆಲೆಗೆ ಸಿಕ್ಕೀತೆಂಬ ಆಸೆ ಮಾತ್ರ ಎಲ್ಲರಿಗೂ ಇದೆ. ಆಸೆ ತಪ್ಪಲ್ಲ. ಮೊದಮೊದಲು ನಾವು ಇದು ನಮಗೆ ತಿಳಿಯದ ವಿಷಯವೆಂದು ತಳ್ಳಿಹಾಕುತ್ತಿದ್ದೆವು. ಕಳೆದ ಬೇಸಿಗೆಯಲ್ಲಿ ರಾಮಥಾಳಕ್ಕೆ ಹೋಗಿ ಬಂದ ಮೇಲೆ ಹಾಗೆ ತಳ್ಳಿಹಾಕುವಂತಿಲ್ಲ.

ರಾಮಥಾಳ ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ಊರು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ 24 ಸಾವಿರ ಹೆಕ್ಟೇರ್ ಭೂಮಿಗೆ ಹನಿ ನೀರಾವರಿಯ ಮೂಲಕ ಉಣಿಸಲೆಂದು ಕೈಗೊಂಡ ಯೋಜನೆಗೆ ಈ ಊರಿನ ಹೆಸರೇ ಇದೆ. ನಮ್ಮ ಅಡಿಕೆ ತೋಟಗಳಿಗೆ ಅಲ್ಲಿಂದ ಕಲಿಯುವುದೇನಾದರೂ ಉಂಟೋ ಎಂದು ನೋಡಲು ಸಂಘದ ಹದಿನಾಲ್ಕು ಮಂದಿ ಹೋಗಿದ್ದೆವು. ಆ ವಿವರವನ್ನು ಬೇರೆಯೇ ಬರೆಯಬೇಕಾಗಿದೆ. ಈಗ ಹೇಳಹೊರಟಿರುವುದು ಅಲ್ಲಿ ನಮ್ಮನ್ನು ಉಣ್ಣಲು ಕರೆದ ರೈತರ ಮನೆಯ ಮುಂದೆ ನಿಂತಿದ್ದ ಒಂದು ಕಾರಿನ ವಿಚಾರ. ಅದರ ಕಂಪನಿಯ ಹೆಸರು ಇಲ್ಲಿ ಬೇಡ. ಕಾರು ಕೆಟ್ಟದ್ದೇನೂ ಅಲ್ಲ.

ನಮ್ಮ ಜೊತೆಗಿದ್ದ ಸದಸ್ಯರೊಬ್ಬರು ತಾಯಿಯನ್ನು ತಿಂಗಳಿಗೆ ಎರಡು ಬಾರಿ ಶೃಂಗೇರಿ ಕಡೆಯಿಂದ ಆಗುಂಬೆ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಾದವರು. ಬಾಡಿಗೆ ಕಾರಿಗೆ ತೆತ್ತು ತೆತ್ತು ಸಾಕಾಗಿತ್ತು. ಕಾರು ಮಾರಾಟಕ್ಕಿದೆ ಎಂದು ತಿಳಿದದ್ದೇ ತಡ, ಅಡಿಕೆ ಮಾರಿ ಕೂಡಿಟ್ಟ ಹಣದಲ್ಲಿ ಐವತ್ತು ಸಾವಿರ ಮುಂಗಡ ಕೊಡಲು ಮನಸ್ಸು ಮಾಡಿಬಿಟ್ಟರು. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆಯನ್ನು ಮುಂದಿಟ್ಟು ಮನೆಯ ಯಜಮಾನರು, "ಭಾಳ ಚಲೋ ಗಾಡಿ ಐತ್ರಿ. ನಾಕು ವರ್ಷದಾಗ ಒಂದ್ ಗೀರು ಬಿದ್ದಿಲ್ಲ. ಬರೇ ನಲವತ್ತೆರಡು ಸಾವಿರ ಓಡೇತಿ" ಎಂದರು. ಬೆಲೆ ಎಂಟು ಲಕ್ಷ.

ಅವರ ಮಗ ಇಳಕಲ್ಲಿನ ಗ್ರಾನೈಟ್ ಘಟಕವೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು, ಕಾರಿನಲ್ಲೇ ದಿನವೂ ಹೋಗಿಬರುತ್ತಿದ್ದವರು. ಹಗಲು ಕಾರನ್ನು ಎಲ್ಲಿ ನಿಲ್ಲಿಸುತ್ತಿದ್ದರೆಂದು ನಾವು ಕೇಳಿದೆವು.

"ಫ್ಯಾಕ್ಟರಿ ಅಂಗಳದಾಗ್ರಿ. ಅಲ್ಲಿ ಗಿಡಾ ಎಲ್ಲಿ ಬಂತ್ರಿ? ಎಲ್ಲಾ ಕಲ್ಲ."

"ಚಾರ್ಜು?"

"ದಿನಾ ರಾತ್ರಿ ಫುಲ್ ಮಾಡೇ ಮಲಗೋದು. ಸುಳ್ಳ ಯಾಕ್ ಹೇಳೂಣ್ರಿ."

ಪುಣ್ಯಾತ್ಮರು ನಿಜವನ್ನೇ ಹೇಳಿದರು. ಆ ಎರಡು ಉತ್ತರಗಳಲ್ಲಿಯೇ ಕಾರಿನ ಅರ್ಧ ಜಾತಕ ಇತ್ತು. ನಮ್ಮ ಸದಸ್ಯರು ಮಾತ್ರ, "ಕಿಲೋಮೀಟರ್ ಕಡ್ಮೆ ಇದೆಯಲ್ಲ ಮಾರಾಯ್ರೆ, ಮತ್ತೇನು ನೋಡೋದು?" ಎಂದು ನಮ್ಮ ಮೇಲೆಯೇ ರೇಗಿದರು.

ನೋಡಬೇಕಾದದ್ದು ಬ್ಯಾಟರಿ. ಪೆಟ್ರೋಲ್ ಎಂಜಿನ್ನು ಮುಖ್ಯವಾಗಿ ಓಡಿದಷ್ಟು ಸವೆಯುತ್ತದೆ, ಆದ್ದರಿಂದ ಅದಕ್ಕೆ ಕಿಲೋಮೀಟರಿನ ಲೆಕ್ಕ ಒಪ್ಪುತ್ತದೆ. ಲಿಥಿಯಂ ಬ್ಯಾಟರಿ ಹಾಗಲ್ಲ. ಅದು ಓಡಿದರೂ ಸವೆಯುತ್ತದೆ, ಸುಮ್ಮನೆ ನಿಂತರೂ ಸವೆಯುತ್ತದೆ. ಮಳೆಗಾಲದಲ್ಲಿ ಗೋದಾಮಿನಲ್ಲಿಟ್ಟ ಚೆರಿ ಕಾಫಿ ಯಾರೂ ಮುಟ್ಟದೆಯೇ ಕೆಡುತ್ತದಲ್ಲ, ಹಾಗೆ. ಬ್ಯಾಟರಿಯ ಒಂದೊಂದು ಕೋಶದೊಳಗೂ ಋಣ ಧ್ರುವದ ಮೇಲೆ ತೆಳುವಾದ ಒಂದು ಪೊರೆ ಕಟ್ಟಿರುತ್ತದೆ. ಕಾಲ ಕಳೆದಂತೆ ಅದು ದಪ್ಪವಾಗುತ್ತ, ವಿದ್ಯುತ್ತನ್ನು ಹೊತ್ತು ಓಡಾಡಬೇಕಾದ ಲಿಥಿಯಮ್ಮನ್ನೇ ತಿಂದುಹಾಕುತ್ತದೆ. ಈ ಕ್ರಿಯೆಗೆ ಶಾಖವೇ ಗೊಬ್ಬರ. ಉಷ್ಣಾಂಶ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಕಾಲೇಜಿನಲ್ಲಿ ನಾವೂ ಓದಿದ್ದ ಸ್ಥೂಲ ನಿಯಮ. ಅದರ ಮೇಲೆ ಬ್ಯಾಟರಿ ಪೂರ್ತಿ ತುಂಬಿಕೊಂಡು ನಿಂತಿದ್ದರೆ ಸವೆತ ಇನ್ನೂ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಮುಟ್ಟುವ ಸೀಮೆಯಲ್ಲಿ, ಕಾದ ಕಲ್ಲಿನಂಗಳದ ಮೇಲೆ, ತುಂಬಿದ ಬ್ಯಾಟರಿಯೊಡನೆ ನಾಲ್ಕು ಬೇಸಿಗೆ ನಿಂತ ಕಾರಿದು. ಮೈಮೇಲೆ ಗೀರಿಲ್ಲದಿದ್ದರೆ ಏನಾಯಿತು?

ಇದು ನಮ್ಮ ಊಹೆಯಷ್ಟೇ ಅಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರ ನಮ್ಮ ಬಾಗಲಕೋಟೆ, ರಾಯಚೂರುಗಳಂತೆಯೇ ಕಾಯುವ ಊರು. ಅಲ್ಲಿ ನಿಸ್ಸಾನ್ ಕಂಪನಿಯ ಲೀಫ್ ಕಾರು ಕೊಂಡವರು, ಒಂದೆರಡು ವರ್ಷಗಳಲ್ಲಿಯೇ ಓಟ ಗಣನೀಯವಾಗಿ ಕುಗ್ಗಿತೆಂದು 2012ರಲ್ಲಿ ದೂರಿದರು. ತಂಪು ಊರುಗಳಲ್ಲಿ ಅದೇ ಕಾರು ಅಷ್ಟು ಬೇಗ ಸೊರಗಲಿಲ್ಲ. ಆ ಕಾರಿನ ಬ್ಯಾಟರಿಗೆ ದ್ರವದಿಂದ ತಣಿಸುವ ವ್ಯವಸ್ಥೆ ಇರಲಿಲ್ಲ. ಕೊನೆಗೆ ಕಂಪನಿಯು ಬ್ಯಾಟರಿಯ ಸಾಮರ್ಥ್ಯಕ್ಕೂ ವಾರಂಟಿ ಕೊಡಬೇಕಾಯಿತು, ಶಾಖ ತಡೆಯುವ ಬೇರೆ ಬ್ಯಾಟರಿಯನ್ನೂ ತರಬೇಕಾಯಿತು.

ಆದ್ದರಿಂದ ಮೊದಲು ವಿಚಾರಿಸಬೇಕಾದದ್ದು, ಬ್ಯಾಟರಿಯನ್ನು ತಣಿಸುವ ಬಗೆ ಯಾವುದೆಂದು. ನಮ್ಮಲ್ಲಿ 2020ರಲ್ಲಿ ಬಂದ ಟಾಟಾ ನೆಕ್ಸಾನ್, ಅದೇ ವರ್ಷದ ಎಂಜಿ ಜೆಡ್‌ಎಸ್, 2022ರ ಟಿಯಾಗೊ ಇವುಗಳ ಬ್ಯಾಟರಿಗೆ ದ್ರವದಿಂದ ತಣಿಸುವ ಏರ್ಪಾಡಿದೆ. 2023ರಲ್ಲಿ ಬಂದ ಸಿಟ್ರೋಯೆನ್ ಇಸಿ3ಯ ಬ್ಯಾಟರಿ ಗಾಳಿಯಿಂದಲೇ ತಣಿಯುವಂಥದು. ನಮ್ಮ ಮಲೆನಾಡಿನ ಹವೆಯಲ್ಲಿ ಎರಡೂ ನಡೆದಾವು, ಬಯಲುಸೀಮೆಯಲ್ಲಿ ಓಡಿದ್ದಾದರೆ ಮೊದಲನೆಯ ಬಗೆಯೇ ಲೇಸು. ಆದರೆ ದ್ರವವಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಕಾರು ಓಡುವಾಗ, ಚಾರ್ಜ್ ಆಗುವಾಗ ಅದು ಕೆಲಸ ಮಾಡುತ್ತದೆ. ಬೀಗ ಹಾಕಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರನ್ನು ಸಾಮಾನ್ಯವಾಗಿ ಯಾರೂ ತಣಿಸುವುದಿಲ್ಲ. ಬ್ಯಾಟರಿಯ ಜಾತಿಯೂ ಮುಖ್ಯ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿ, ನಿಕಲ್ ಬೆರೆತ ಜಾತಿಗಿಂತ ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಇದಕ್ಕೆ ಆಗೊಮ್ಮೆ ಈಗೊಮ್ಮೆ ನೂರಕ್ಕೆ ನೂರು ತುಂಬಿಸಬೇಕೆಂದು ಕಂಪನಿಗಳೇ ಹೇಳುತ್ತವೆ, ಮೀಟರಿನ ಲೆಕ್ಕ ತಪ್ಪದಿರಲೆಂದು. ತುಂಬಿಸಿ ಓಡಿಸುವುದು ಬೇರೆ, ತುಂಬಿಸಿ ಬಿಸಿಲಿಗೆ ಹಾಕುವುದು ಬೇರೆ.

ಇನ್ನು ಪರೀಕ್ಷೆಯ ವಿಚಾರ. ಇದನ್ನು ಯಾರು ಬೇಕಾದರೂ ಮಾಡಬಹುದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ. ಇಳಕಲ್ಲಿನ ಅಂಗಡಿಯೊಂದರಲ್ಲಿ, ಪ್ಲಗ್ಗಿಗೆ ಸಿಕ್ಕಿಸಿ ಯೂನಿಟ್ ಅಳೆಯುವ 16 ಆಂಪಿಯರಿನ ಸಣ್ಣ ಮೀಟರೊಂದನ್ನು ಕೊಂಡೆವು. ಹೇಗೂ ನಮ್ಮವರು ಕೂಡಲಸಂಗಮ, ಐಹೊಳೆಗಳನ್ನು ನೋಡಬೇಕೆಂದಿದ್ದರು. ಮಾಲೀಕರ ಒಪ್ಪಿಗೆ ಪಡೆದು ನಾಲ್ವರು ಆ ಕಾರಿನಲ್ಲಿಯೇ ಹೊರಟೆವು. ನೂರರಿಂದ ಇಪ್ಪತ್ತಕ್ಕೆ ಇಳಿಯುವಷ್ಟರಲ್ಲಿ, ಎ.ಸಿ. ಹಾಕಿಕೊಂಡು, 132 ಕಿ.ಮೀ. ಓಡಿತ್ತು. ರಾತ್ರಿ ಬಿಸಿ ಆರಿದ ಮೇಲೆ ಚಾರ್ಜಿಗೆ ಹಾಕಿದೆವು. ಬೆಳಗ್ಗೆ ನೂರು ತೋರಿಸಿತು. ನಮ್ಮ ಮೀಟರು 22 ಯೂನಿಟ್ ತೋರಿಸಿತು.

ಲೆಕ್ಕ ಹೀಗೆ. ಹೊಸದರಲ್ಲಿ ಆ ಬ್ಯಾಟರಿಯ ಸಾಮರ್ಥ್ಯ 30 ಯೂನಿಟ್. ಇಪ್ಪತ್ತರಿಂದ ನೂರು ಎಂದರೆ ನೂರಕ್ಕೆ 80 ಭಾಗ, ಅಂದರೆ 24 ಯೂನಿಟ್. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ನೂರಕ್ಕೆ ಹತ್ತು ಹದಿನೈದು ಶಾಖವಾಗಿ ಸೋರಿಹೋಗುವುದರಿಂದ ಮೀಟರು 27 ಯೂನಿಟ್ ತೋರಿಸಬೇಕಿತ್ತು. ತೋರಿಸಿದ್ದು 22. ಸೋರಿಕೆಯನ್ನು ನೂರಕ್ಕೆ 12 ಎಂದು ಕಳೆದರೆ ಬ್ಯಾಟರಿಯೊಳಗೆ ಸೇರಿದ್ದು 19.4. ಅದನ್ನು 0.8ರಿಂದ ಭಾಗಿಸಿದರೆ ಸುಮಾರು 24. ಮೂವತ್ತು ಯೂನಿಟ್ಟಿನ ಬ್ಯಾಟರಿ 24ಕ್ಕೆ ಇಳಿದಿದೆ. ಐದನೆಯ ಒಂದು ಭಾಗ ಬಿಸಿಲಿಗೂ ಓಟಕ್ಕೂ ಸಂದಿದೆ. ಕಂಪನಿಗಳು ಹೇಳುವ ಸಾಮರ್ಥ್ಯವನ್ನೆಲ್ಲ ಬಳಸಲು ಬಿಡದೆ ಸ್ವಲ್ಪ ಕಾದಿಡುವುದುಂಟು, ಅದಕ್ಕಾಗಿ ಒಂದೆರಡು ಅಂಶ ಅತ್ತಿತ್ತ ಬಿಟ್ಟುಕೊಡಬೇಕು. ಮರುದಿನ ಬಾಗಲಕೋಟೆಯ ಸರ್ವಿಸ್ ಕೇಂದ್ರದಲ್ಲಿ ಯಂತ್ರ ಸಿಕ್ಕಿಸಿ ಕೇಳಿದಾಗ ಬ್ಯಾಟರಿಯ ಆರೋಗ್ಯ ನೂರಕ್ಕೆ 81 ಎಂದು ಕಾಗದ ಕೊಟ್ಟರು. ಈ ಕಾಗದವನ್ನು ತಪ್ಪದೆ ಕೇಳಿ ಪಡೆಯಬೇಕು.

ಈಗ ನಮ್ಮ ಸದಸ್ಯರ ಮಣಿಪಾಲದ ಲೆಕ್ಕ. ಅವರ ಮನೆಯಿಂದ ಹೋಗಿಬರಲು 165 ಕಿ.ಮೀ. ಯೂನಿಟ್ಟಿಗೆ ಏಳು ಕಿ.ಮೀ.ಗೆ ಸ್ವಲ್ಪ ಕಡಿಮೆಯೆಂದು ಹಿಡಿದರೆ 24 ಯೂನಿಟ್ ಬೇಕು. ಘಾಟಿಯದು ಬೇರೆ. ಜನ ತುಂಬಿದ ಒಂದೂ ಮುಕ್ಕಾಲು ಟನ್ ಕಾರನ್ನು ಸುಮಾರು 500 ಮೀಟರ್ ಮೇಲೆತ್ತಲು ಮೂರು ಯೂನಿಟ್ ಆಸುಪಾಸು ಖರ್ಚು. ಇಳಿಯುವಾಗ ಮೋಟಾರೇ ಡೈನಮೋ ಆಗಿ ಒಂದು ಯೂನಿಟ್ಟನ್ನಾದರೂ ಹಿಂದಿರುಗಿಸುತ್ತದೆ. ಒಟ್ಟು 26. ಹೊಸದರಲ್ಲಿ ಈ ಕಾರು ನಾಲ್ಕು ಯೂನಿಟ್ ಉಳಿಸಿಕೊಂಡು ಮನೆ ಸೇರುತ್ತಿತ್ತು. ಈಗ, ಕಾಯಿಲೆಯ ತಾಯಿಯನ್ನು ಹಿಂದೆ ಕೂರಿಸಿಕೊಂಡು, ಸಂಜೆಯ ಮಳೆಯಲ್ಲಿ, ಘಾಟಿ ಹತ್ತಿದ ಮೇಲೆ ಕಾಡಿನ ನಡುವೆಲ್ಲೋ ಬರಿದಾಗಿ ನಿಲ್ಲಬೇಕು. ಮಣಿಪಾಲದಲ್ಲಿ ಚಾರ್ಜ್ ಮಾಡಿಕೊಳ್ಳಬಹುದಲ್ಲ ಎಂದರೆ, ಮಾಡಬಹುದು. ಪ್ರತಿ ಸಲವೂ ಅದನ್ನೇ ನಂಬಿಕೊಂಡು ಹೊರಡಬಹುದೇ ಎಂದು ಅವರನ್ನೇ ಕೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಅವರು ಕೊಳ್ಳಲಿಲ್ಲ. ಕೊಂಡವರು ನಮ್ಮ ತಂಡದ ಇನ್ನೊಬ್ಬರು. ಅವರ ಓಡಾಟವೆಲ್ಲ ತೋಟದಿಂದ ಕೊಪ್ಪ ಪೇಟೆಗೆ, ಮಕ್ಕಳ ಶಾಲೆಗೆ. ದಿನಕ್ಕೆ ಮೂವತ್ತು ಕಿ.ಮೀ. ಅಂಥವರಿಗೆ 24 ಯೂನಿಟ್ಟಿನ ಬ್ಯಾಟರಿ ಬೇಕಾದಷ್ಟಾಯಿತು. ಕಾಗದವನ್ನು ಮುಂದಿಟ್ಟಾಗ ರಾಮಥಾಳದ ಯಜಮಾನರು, "ನಮಗೂ ಗೊತ್ತಿರಲಿಲ್ರಿ" ಎಂದು ನಕ್ಕು, ಆರೂವರೆ ಲಕ್ಷಕ್ಕೆ ಒಪ್ಪಿದರು. ಊರಿಗೆ ತರುವಾಗ ಹಗಲು ಹೊರಡದೆ ಸಂಜೆ ಹೊರಟು ಹೊಸಪೇಟೆ, ಚಿತ್ರದುರ್ಗಗಳ ಮೇಲೆ ರಾತ್ರಿಯೇ ಬಂದೆವು. ಕಾದ ಬ್ಯಾಟರಿಗೆ ವೇಗದ ಚಾರ್ಜು ಕೊಟ್ಟರೆ ಅದು ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗಿ ತೆಗೆದುಕೊಳ್ಳುತ್ತದೆ, ಹೊತ್ತೂ ಹಾಳು, ಬ್ಯಾಟರಿಗೂ ಹಿತವಲ್ಲ.

ಕಾಗದಪತ್ರಗಳಲ್ಲಿ ಕೆಲವನ್ನು ಹೇಳಬೇಕು. ಹಸಿರು ನಂಬರ್ ಪ್ಲೇಟಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತದ ಕಾರು, ಹಳದಿ ಅಕ್ಷರವಿದ್ದರೆ ಬಾಡಿಗೆಗೆ ಓಡಿದ್ದು. ಅಂಥದು ದಿನವೂ ವೇಗದ ಚಾರ್ಜಿನಲ್ಲಿಯೇ ಬದುಕಿರುವ ಸಂಭವ ಹೆಚ್ಚು. ನಂಬರಿನ ಮೊದಲ ಅಂಕಿಗಳು ಕಾರು ನೋಂದಣಿಯಾದ ಊರನ್ನೂ ಹೇಳುತ್ತವೆ: 29 ಬಾಗಲಕೋಟೆ, 32 ಕಲಬುರಗಿ, 36 ರಾಯಚೂರು, 18 ನಮ್ಮ ಚಿಕ್ಕಮಗಳೂರು. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುವ ಕಂಪನಿಗಳು ಹಲವಿವೆ. ಎರಡನೆಯ ಮಾಲೀಕರಿಗೂ ಅದು ಸಲ್ಲುತ್ತದೆಯೇ, ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಾಯಿಸಿಕೊಡುತ್ತಾರೆ ಎಂಬುದನ್ನು ಬರಹದಲ್ಲಿಯೇ ನೋಡಿಕೊಳ್ಳಬೇಕು. ಆಜೀವ ವಾರಂಟಿ ಎಂಬ ಮಾತು ಸಾಮಾನ್ಯವಾಗಿ ಮೊದಲ ಮಾಲೀಕರಿಗಷ್ಟೇ. ಸಾಲದ ಮೇಲಿನ ಕಾರಾದರೆ ಬ್ಯಾಂಕಿನ ಹಕ್ಕು ತೆಗೆಸುವ ನಮೂನೆ 35 ಆಗದೆ ಪೂರ್ತಿ ಹಣ ಕೊಡಬಾರದು. ಬಹಳ ಹಳೆಯ ಕಾರುಗಳಲ್ಲಿ ಚಾರ್ಜಿನ ಬಾಯಿಯೇ ಬೇರೆ. ಮಹೀಂದ್ರದ ಇ-ವೆರಿಟೊ ಮುಂತಾದವುಗಳಿಗೆ ಇಂದಿನ ಸಿಸಿಎಸ್-2 ವೇಗದ ಚಾರ್ಜರ್ ಹೊಂದುವುದಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಕೆಲವು ಮನೆಗಳ ಶೆಡ್ಡಿನಲ್ಲಿ ಇನ್ನೂ ಇರಬಹುದು. ಅದನ್ನು ಪ್ರೀತಿಗೆ ಕೊಳ್ಳಿ, ಪ್ರಯಾಣಕ್ಕೆ ಬೇಡ.

ಮನೆಗೆ ತಂದ ಮೇಲೆ ನಮ್ಮ ಕಡೆಯ ತೊಂದರೆ ಬಿಸಿಲಲ್ಲ, ವಿದ್ಯುತ್ತು. ಬೇಸಿಗೆಯಲ್ಲಿ ಎಲ್ಲರೂ ತೋಟಕ್ಕೆ ಪಂಪು ಹಚ್ಚುವ ಹೊತ್ತಿನಲ್ಲಿ ವೋಲ್ಟೇಜು ಬೀಳುತ್ತದೆ, ಆಗ ಚಾರ್ಜಿಗೆ ಹಾಕದೆ ತಡರಾತ್ರಿ ಹಾಕುವುದು ಮೇಲು. 16 ಆಂಪಿಯರಿನ ಪ್ಲಗ್ಗಿಗೆ ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್ ಇಲ್ಲದೆ ಕಾರು ತರಲೇಬಾರದು. ಘಾಟಿಯ ಮೇಲಿರುವವರು ನೂರಕ್ಕೆ ನೂರು ತುಂಬಿಸಿ ಇಳಿಯಲು ಹೊರಟರೆ, ಇಳಿಜಾರಿನಲ್ಲಿ ಹುಟ್ಟುವ ವಿದ್ಯುತ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಮೋಟಾರು ಕಾರನ್ನು ಹಿಡಿಯುವುದೂ ಕಡಿಮೆಯಾಗುತ್ತದೆ, ಬ್ರೇಕನ್ನೇ ನಂಬಬೇಕಾಗುತ್ತದೆ. ಇಲಿಗಳ ವಿಚಾರ ಹೇಳುವುದೇ ಬೇಡ; ಮಲೆನಾಡಿನ ಇಲಿಗೆ ಪೆಟ್ರೋಲು ಕಾರಿನ ತಂತಿ, ವಿದ್ಯುತ್ ಕಾರಿನ ತಂತಿ ಎಂಬ ಭೇದವಿಲ್ಲ.

ಮಣಿಪಾಲಕ್ಕೆ ಹೋಗಬೇಕಾದ ಸದಸ್ಯರು ಇನ್ನೂ ಹುಡುಕುತ್ತಿದ್ದಾರೆ. 40 ಯೂನಿಟ್ಟಿಗೆ ಕಡಿಮೆಯಿಲ್ಲದ ಬ್ಯಾಟರಿಯ, ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ನೆರಳಿನಲ್ಲಿ ನಿಂತ ಕಾರು ಯಾರದ್ದಾದರೂ ಮಾರಾಟಕ್ಕಿದ್ದರೆ ಕಚೇರಿಗೆ ತಿಳಿಸಬೇಕಾಗಿ ಕೋರಿಕೆ. ಇಳಕಲ್ಲಿನಲ್ಲಿ ಕೊಂಡ ಮೀಟರು ಈಗ ಸಂಘದ ಕಚೇರಿಯಲ್ಲಿದೆ. ಕಾರು ನೋಡಲು ಹೋಗುವ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಅದನ್ನು ಒಯ್ಯಬಹುದು, ಮೂರು ದಿನಗಳೊಳಗೆ ಹಿಂದಿರುಗಿಸಬೇಕು.